ಅಂಗಳದ ಟೈಲ್ಸ್ ಆರಿಸುವ ಮೊದಲು ಒಂದು ತಂಬಿಗೆ ನೀರು ಸುರಿಯಿರಿ

ಸಂಪಾದಕರಿಗೆ ನಮಸ್ಕಾರ.

ಮನೆಯ ಹೊರಗೆ ನೆಂಟರು, ಗೆಳೆಯರು ಕೂತು ಹರಟೆ ಹೊಡೆಯಲು, ಊಟ ಮಾಡಲು ಜಾಗ ಮಾಡಿಕೊಳ್ಳುವುದು ಹೇಗೆ ಅನ್ನುವ ಬರಹ ನಿಮ್ಮ ಪುರವಣಿಯಲ್ಲಿ ಬಂದಿತ್ತು. ದೀಪದ ಸರ, ಹೂವಿನ ಕುಂಡ, ಬೆತ್ತದ ಕುರ್ಚಿ, ಎಲ್ಲದರ ಬಗ್ಗೆ ವಿವರವಾಗಿ ಬರೆದಿದ್ದರು. ನೆಲದ ಬಗ್ಗೆ ಮಾತ್ರ ಒಂದೇ ಸಾಲು. ನಿಮ್ಮ ಅಭಿರುಚಿಗೆ ಒಪ್ಪುವ ಟೈಲ್ಸ್ ಆರಿಸಿಕೊಳ್ಳಿ ಅಂತ. ಪಕ್ಕದ ಚಿತ್ರದಲ್ಲಿ ಮುಖ ಕಾಣುವಷ್ಟು ಹೊಳಪಿನ ಬಿಳಿ ಟೈಲ್ಸು. ಆ ಚಿತ್ರದಲ್ಲಿ ಎಲ್ಲೂ ಒಂದು ಹನಿ ನೀರಿರಲಿಲ್ಲ.

ನಾನು ಹುಬ್ಬಳ್ಳಿಯಲ್ಲಿ ಟೈಲ್ಸ್ ಹಾಕುವ ಗೌಂಡಿ. ನಮ್ಮ ಅಪ್ಪ ಶಹಾಬಾದ್ ಫರಸಿ, ಅಂದರೆ ಹಾಸುಗಲ್ಲು ಹಾಕುತ್ತಿದ್ದರು, ನಾನು ಹೆಚ್ಚು ಕಾವಿನಲ್ಲಿ ಸುಟ್ಟು ಗಾಜಿನಂತೆ ಗಟ್ಟಿಯಾದ ವಿಟ್ರಿಫೈಡ್ ಟೈಲ್ಸ್ ಹಾಕುತ್ತೇನೆ. ಅಭಿರುಚಿಯ ಬಗ್ಗೆ ನನ್ನ ತಕರಾರಿಲ್ಲ. ಒಳಗಿನ ನೆಲಕ್ಕೆ ಯಾರು ಏನು ಬೇಕಾದರೂ ಹಾಕಿಸಿಕೊಳ್ಳಲಿ. ಹೊರಗಿನ ನೆಲದ ಮಾತು ಬೇರೆ. ಅಲ್ಲಿ ಟೈಲ್ಸ್ ಆರಿಸುವುದು ಅಂದರೆ ನೀರಿನ ಲೆಕ್ಕ ಹಾಕುವುದು. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಅದರ ಮೇಲೆ ಕಾಲಿಟ್ಟವರ ಗತಿ ಏನು? ಇಷ್ಟು ಗೊತ್ತಾದ ಮೇಲೆ ಬಣ್ಣ, ಡಿಸೈನು ನೋಡಿದರೆ ಸಾಕು.

ನಮ್ಮ ಊರಿನ ಅಂಗಳದಲ್ಲಿ ನೀರು ಎಷ್ಟು ಕಡೆಯಿಂದ ಬೀಳುತ್ತದೆ ಅಂತ ನೋಡಿ. ಬಹಳ ಓಣಿಗಳಲ್ಲಿ ನಳ ದಿನಾ ಬರುವುದಿಲ್ಲ. ಬಂದ ದಿನ ಬ್ಯಾರಲ್ಲು, ಕೊಡ, ಬಕೆಟ್ಟು ಎಲ್ಲ ಅಂಗಳದಲ್ಲೇ ತುಂಬುತ್ತೇವೆ. ಅರ್ಧ ನೀರು ನೆಲಕ್ಕೇ. ಹೊರಗಿನಿಂದ ಬಂದವರು ಅಲ್ಲೇ ಕಾಲು ತೊಳೆಯುತ್ತಾರೆ. ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಹಾಕದೆ ರಂಗೋಲಿ ಇಡುವ ಮನೆ ಉಂಟೇ? ಇನ್ನು ಮಳೆಗಾಲ. ಹುಬ್ಬಳ್ಳಿಯಲ್ಲಿ ಬಂದು ಹೋಗುತ್ತದೆ. ಧಾರವಾಡದಲ್ಲಿ ಹಿಡಿದರೆ ಜಿಟಿ ಜಿಟಿ ಅಂತ ದಿನಗಟ್ಟಲೆ ಬಿಡುವುದಿಲ್ಲ. ಬಿಸಿಲು ಬೀಳದ ಮೂಲೆಯಲ್ಲಿ ಹಾವಸೆ ಕಟ್ಟುತ್ತದೆ. ಇಂಥ ನೆಲದ ಮೇಲೆ ನಯವಾದ ಟೈಲ್ಸ್ ಹಾಕಿಸಿ, ಶೀಗಿ ಹುಣ್ಣಿಮೆಗೆ ಬೆಳದಿಂಗಳ ಊಟ ಅಂತ ಮನೆ ತುಂಬ ಜನ ಕರೆದರೆ, ಊಟ ಮುಗಿಯುವುದರೊಳಗೆ ಒಬ್ಬರಾದರೂ ಸೊಂಟ ಹಿಡಿದುಕೊಂಡು ಕೂರುತ್ತಾರೆ.

ನಾನು ಕೆಲಸ ಮಾಡುವ ಮನೆಗಳಲ್ಲಿ ಅತಿ ಹೆಚ್ಚು ಕೇಳುವ ಮಾತು ಇದು: “ಅಣ್ಣಾರ, ಹಾಲಿಗೆ ಹಾಕಿದ್ದು ಇನ್ನೂ ನಾಕ ಬಾಕ್ಸ್ ಉಳದಾವು. ಅವನ್ನ ಹೊರಗೂ ಹಾಕಿ ಮುಗಿಸಿಬಿಡ್ರಿ.” ಉಳಿದದ್ದನ್ನು ಹಾಳು ಮಾಡಬಾರದು ಅನ್ನುವುದು ಒಳ್ಳೆಯ ಗುಣವೇ. ಆದರೆ ಹಾಲಿನ ಟೈಲ್ಸು ಒಣ ನೆಲಕ್ಕೆ ಅಂತಲೇ ಮಾಡಿದ್ದು. ಆಗ ನಾನು ಹೆಚ್ಚು ವಾದ ಮಾಡುವುದಿಲ್ಲ. ಒಂದು ಟೈಲ್ ತೆಗೆದು ಅಂಗಳದಲ್ಲಿ ಇಡುತ್ತೇನೆ, ಮೇಲೆ ಒಂದು ತಂಬಿಗೆ ನೀರು ಸುರಿಯುತ್ತೇನೆ, ಒಂದು ಹನಿ ಸೋಪು ಬೆರೆಸುತ್ತೇನೆ. “ಅಕ್ಕಾರ, ಗ್ವಾಡಿ ಹಿಡಕೊಂಡು ಬರಿಗಾಲಿನ್ಯಾಗ ಇದರ ಮ್ಯಾಲ ನಿಂದರ್ರಿ ನೋಡೋಣು” ಅನ್ನುತ್ತೇನೆ. ಅವರು ಹೆಬ್ಬೆರಳು ಇಟ್ಟ ಕೂಡಲೇ ಕಾಲು ಹಿಂದೆ ತೆಗೆದುಕೊಳ್ಳುತ್ತಾರೆ. ಅಲ್ಲಿಗೆ ಆ ನಾಲ್ಕು ಬಾಕ್ಸು ಅಟ್ಟಕ್ಕೆ ಹೋಗುತ್ತವೆ.

ಇದಕ್ಕೆ ಸರಿಯಾದ ಅಳತೆಯೂ ಇದೆ. ಮಗಳು ಸಿವಿಲ್ ಡಿಪ್ಲೊಮಾ ಓದುತ್ತಿದ್ದಾಳೆ, ಅವಳು ಬಿಡಿಸಿ ಹೇಳಿದ ಮೇಲೆ ನನಗೂ ಚೆನ್ನಾಗಿ ಅರ್ಥವಾಯಿತು. ಒಳ್ಳೆಯ ಕಂಪನಿಯ ಬಾಕ್ಸಿನ ಮೇಲೆ ಅಥವಾ ಕ್ಯಾಟಲಾಗಿನಲ್ಲಿ ಆರ್ 9, ಆರ್ 10, ಆರ್ 11 ಅಂತ ಬರೆದಿರುತ್ತಾರೆ. ಇದು ಜರ್ಮನಿಯವರ ಪರೀಕ್ಷೆ. ಟೈಲ್ಸ್ ಹಾಕಿದ ಹಲಗೆಗೆ ಎಣ್ಣೆ ಸವರುತ್ತಾರೆ. ಒಬ್ಬ ಮನುಷ್ಯ ಬೂಟು ಹಾಕಿಕೊಂಡು ಅದರ ಮೇಲೆ ಹಿಂದೆ ಮುಂದೆ ನಡೆಯುತ್ತಾನೆ. ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತುತ್ತಾ ಹೋಗುತ್ತಾರೆ. ಎಷ್ಟು ಡಿಗ್ರಿಗೆ ಅವನ ಕಾಲು ಜಾರುತ್ತದೆ ಅನ್ನುವುದೇ ಲೆಕ್ಕ. 6ರಿಂದ 10 ಡಿಗ್ರಿಯೊಳಗೆ ಜಾರಿದರೆ ಆರ್ 9. 19 ಡಿಗ್ರಿವರೆಗೆ ತಡೆದರೆ ಆರ್ 10. 19ರಿಂದ 27ರವರೆಗೆ ಆರ್ 11. ಅದರ ಮೇಲೆ ಆರ್ 12, ಆರ್ 13 ಇವೆ, ಅವು ದೊಡ್ಡ ಅಡುಗೆಮನೆ, ಫ್ಯಾಕ್ಟರಿಗಳಿಗೆ.

ಮನೆಯ ಹೊರಗೆ ಮಳೆ ಬೀಳುವ ಜಾಗಕ್ಕೆ ಆರ್ 11 ಕೇಳಿ. ಮೇಲೆ ಪೂರ್ತಿ ಮಾಡು ಇದ್ದು ನೀರು ಅಪರೂಪ ಅಂದರೆ ಆರ್ 10 ನಡೆಯುತ್ತದೆ. ಆರ್ 9 ಅನ್ನುವುದು ಒಳಗಿನ ಮಾಲು. ಅದನ್ನು ‘ಮ್ಯಾಟ್ ಫಿನಿಶ್ ಐತ್ರಿ, ಜಾರಂಗಿಲ್ಲ’ ಅಂತ ಹೊರಗಿನ ನೆಲಕ್ಕೆ ಮಾರುವವರೂ ಇದ್ದಾರೆ. ಮ್ಯಾಟ್ ಅಂದರೆ ಹೊಳಪಿಲ್ಲ ಅಂತ ಅಷ್ಟೇ. ಹೊಳಪಿಲ್ಲದ ಟೈಲ್ಸೂ ಒದ್ದೆಯಾದಾಗ ಚೆನ್ನಾಗಿ ಜಾರುತ್ತವೆ.

ಇಲ್ಲಿ ನನ್ನದೊಂದು ಮಾತು ಸೇರಿಸುತ್ತೇನೆ. ಆ ಪರೀಕ್ಷೆ ಬೂಟಿನದು, ನಮ್ಮ ಅಂಗಳದಲ್ಲಿ ಬೂಟು ಹಾಕುವವರು ಯಾರು? ಬರಿಗಾಲಿಗೆ ಬೇರೆ ಪರೀಕ್ಷೆ ಇದೆ. ಸೋಪು ನೀರಿನ ಮೇಲೆ ಬರಿಗಾಲಿನಲ್ಲಿ ನಡೆಸಿ ಎ, ಬಿ, ಸಿ ಅಂತ ದರ್ಜೆ ಕೊಡುತ್ತಾರೆ. ಈಜುಕೊಳದ ಸುತ್ತ ಬಿ ಹಾಕುತ್ತಾರೆ. ಕಾಲು ತೊಳೆಯುವ ಜಾಗಕ್ಕೆ ನಮಗೂ ಬಿ ಬೇಕು. ಈ ಅಕ್ಷರ ನಮ್ಮ ಕಡೆಯ ಅಂಗಡಿಗಳಲ್ಲಿ ಸಿಗುವುದು ಕಷ್ಟ. ಸಿಗದಿದ್ದರೆ ನನ್ನ ತಂಬಿಗೆ ಪರೀಕ್ಷೆ ಇದ್ದೇ ಇದೆ. ಅಂಗಡಿಯಲ್ಲೇ ಮಾಡಿ, ನಾಚಿಕೆ ಏನೂ ಬೇಡ.

ಹಾಗಂತ ತೀರ ಒರಟಾದದ್ದನ್ನು ಆರಿಸಬೇಡಿ. ಗೋಕುಲ ರಸ್ತೆಯ ಕಡೆ ಒಂದು ಮನೆಯಲ್ಲಿ ಪಾರ್ಕಿಂಗಿಗೆ ಹಾಕುವ ಉಬ್ಬುತಗ್ಗಿನ ಟೈಲ್ಸನ್ನೇ ಕೂರುವ ಜಾಗಕ್ಕೂ ಹಾಕಿಸಿದ್ದರು. ಜಾರುವುದಿಲ್ಲ, ನಿಜ. ಆದರೆ ತಗ್ಗಿನಲ್ಲಿ ಮಣ್ಣು ಕೂತು ಕಪ್ಪಾಗಿ, ಆ ಮನೆಯ ಅಮ್ಮಾರು ಬ್ರಷ್ ಹಿಡಿದು ಮೊಣಕಾಲೂರಿ ತಿಕ್ಕುವುದು ನೋಡಲಾಗುತ್ತಿರಲಿಲ್ಲ. ಚಾಪೆ ಹಾಸಿದರೂ ಕೂತವರಿಗೆ ಚುಚ್ಚುತ್ತದೆ. ಮಕ್ಕಳು ಬಿದ್ದರೆ ಮೊಣಕಾಲು ತರಚುತ್ತದೆ. ಅಂಗೈ ಇಟ್ಟು ಸವರಿದರೆ ಸಣ್ಣ ಉಸುಕಿನ ಕಾಗದ ಮುಟ್ಟಿದಂತೆ ಅನಿಸಬೇಕು, ಅಷ್ಟು ಸಾಕು.

ಎರಡನೆಯದು, ಟೈಲು ಎಷ್ಟು ನೀರು ಕುಡಿಯುತ್ತದೆ ಅನ್ನುವುದು. ಗೋಡೆಗೆ ಹಾಕುವ ಸಿರಾಮಿಕ್ ಟೈಲ್ಸು ತಮ್ಮ ತೂಕದ 10 ಪರ್ಸೆಂಟಿಗಿಂತ ಜಾಸ್ತಿ ನೀರು ಹೀರುತ್ತವೆ. ವಿಟ್ರಿಫೈಡ್ ಅರ್ಧ ಪರ್ಸೆಂಟ್ ಕೂಡ ಹೀರುವುದಿಲ್ಲ. ಕಂಡುಹಿಡಿಯುವುದು ಸುಲಭ. ಟೈಲನ್ನು ಬೋರಲು ಹಾಕಿ, ಹಿಂಬದಿಗೆ ನಾಲ್ಕು ಹನಿ ನೀರು ಬಿಡಿ. ನೋಡುತ್ತಿದ್ದಂತೆ ಹನಿ ಮಾಯವಾಗಿ ಕಲೆ ಹರಡಿದರೆ ಅದು ಗೋಡೆಯ ಮಾಲು. ಹನಿ ಹಾಗೇ ಕೂತಿದ್ದರೆ ವಿಟ್ರಿಫೈಡ್. ಗೋಡೆ ಟೈಲ್ಸ್ ಅಗ್ಗ, ಬಣ್ಣವೂ ಚಂದ. ಹೊರಗಿನ ನೆಲಕ್ಕೆ ಹಾಕಿದರೆ ಕುರ್ಚಿ ಎಳೆದ ಕಡೆ ಬೇಗ ಮೇಲಿನ ಪದರು ಸವೆದು ಕೆಳಗಿನ ಮಣ್ಣು ಬಣ್ಣ ಕಾಣುತ್ತದೆ.

ವಿಟ್ರಿಫೈಡಿನಲ್ಲೂ ಎರಡು ಜಾತಿ. ಒಂದರಲ್ಲಿ ಬಣ್ಣ, ಡಿಸೈನು ಮೇಲಿನ ತೆಳು ಪದರಿನಲ್ಲಿ ಮಾತ್ರ. ಇನ್ನೊಂದು ಫುಲ್ ಬಾಡಿ, ಮೇಲಿಂದ ಕೆಳಗಿನವರೆಗೂ ಒಂದೇ ಬಣ್ಣ. ಕಲ್ಲಿನ ಬತ್ತೋ ಕಬ್ಬಿಣದ ಕುರ್ಚಿಯೋ ಬಿದ್ದು ಅಂಚು ಚಕ್ಕೆ ಹಾರಿದರೆ ಫುಲ್ ಬಾಡಿಯಲ್ಲಿ ಎದ್ದು ಕಾಣುವುದಿಲ್ಲ. ಕೈಯಲ್ಲಿ ದುಡ್ಡಿದ್ದರೆ ಅದನ್ನೇ ತೆಗೆದುಕೊಳ್ಳಿ.

ಅಳತೆಯ ವಿಷಯಕ್ಕೆ ಬರೋಣ. ಈಗ ಎಲ್ಲರಿಗೂ ದೊಡ್ಡದು ಬೇಕು. ನಾಲ್ಕು ಅಡಿಗೆ ಎರಡು ಅಡಿಯ ಟೈಲ್ಸು. ಒಳಗೆ ಹಾಕಿದರೆ ಜಾಯಿಂಟ್ ಕಡಿಮೆ, ನೋಡಲು ಚಂದ. ಹೊರಗೆ ಮಾತ್ರ ತೊಂದರೆ. ಹೊರಗಿನ ನೆಲಕ್ಕೆ ಸ್ಲೋಪ್ ಕೊಡಲೇಬೇಕು. ಹತ್ತು ಅಡಿಗೆ ಒಂದೂವರೆ ಇಂಚಾದರೂ ಇಳಿಯಬೇಕು. ಅಂಗಳದ ನೀರು ಒಂದೇ ಕಡೆಗೆ ಇಳಿದರೆ ಸರಿ. ಬಹಳ ಮನೆಗಳಲ್ಲಿ ನೀರು ಹೊರಹೋಗುವ ಜಾಲಿ ಇರುವುದು ಮೂಲೆಯಲ್ಲಿ, ಆಗ ಎರಡು ಕಡೆಯಿಂದ ಇಳಿಸಬೇಕು. ಅಷ್ಟುದ್ದದ ಬಿಗಿ ಟೈಲು ಎರಡು ಕಡೆ ಬಾಗುತ್ತದೆಯೇ? ಒಂದು ಮೂಲೆ ಎದ್ದು ನಿಲ್ಲುತ್ತದೆ, ಅಲ್ಲಿ ಹೆಬ್ಬೆರಳು ಎಡವುತ್ತದೆ. ಎದ್ದ ಅಂಚಿನ ಹಿಂದೆ ನೀರೂ ನಿಲ್ಲುತ್ತದೆ. ಒಂದು ಅಡಿ, ಹೆಚ್ಚೆಂದರೆ ಹದಿನಾರು ಇಂಚಿನ ಚೌಕ ಟೈಲ್ಸ್ ಆದರೆ ಸ್ಲೋಪ್ ಹೇಗಿದ್ದರೆ ಹಾಗೆ ಕೂರುತ್ತವೆ. ಜಾಯಿಂಟ್ ಜಾಸ್ತಿ ಬರುತ್ತದೆ ಅಂತ ಗೊಣಗುತ್ತಾರೆ. ಬರಲಿ ಬಿಡಿ, ಆ ಜಾಯಿಂಟುಗಳೇ ಕಾಲಿಗೆ ಹಿಡಿತ ಕೊಡುವುದು.

ಸ್ಲೋಪ್ ವಿಷಯದಲ್ಲಿ ಮನೆ ಮಾಲೀಕರು ಗೌಂಡಿಯನ್ನು ಸುಮ್ನೆ ನಂಬಬೇಡಿ. ಗೌಂಡಿಯಾದ ನಾನೇ ಹೇಳುತ್ತಿದ್ದೇನೆ. ಟೈಲ್ಸ್ ಕೂರಿಸುವ ಮೊದಲು ಕೆಳಗಿನ ಕಾಂಕ್ರೀಟಿನ ಮೇಲೇ ಒಂದು ಬಕೆಟ್ ನೀರು ಚೆಲ್ಲಿ ನೋಡಿ. ನೀರು ತಾನಾಗಿ ಜಾಲಿ ಹುಡುಕಿಕೊಂಡು ಹೋಗಬೇಕು. ಮನೆ ಗೋಡೆ ಕಡೆ ತಿರುಗಿದರೆ ಅವತ್ತೇ ಸರಿ ಮಾಡಿಸಿ. ಟೈಲ್ಸ್ ಹಾಕಿದ ಮೇಲೆ ಸ್ಲೋಪ್ ಸರಿ ಮಾಡುವುದು ಅಂದರೆ ಒಡೆಯುವುದು, ಬೇರೆ ದಾರಿ ಇಲ್ಲ.

ಇನ್ನು ಕೆಳಗಿನ ಮಣ್ಣು. ಇದನ್ನು ಯಾವ ಅಂಗಡಿಯವರೂ ಕೇಳುವುದಿಲ್ಲ, ಯಾವ ಕ್ಯಾಟಲಾಗಿನಲ್ಲೂ ಇರುವುದಿಲ್ಲ. ಹುಬ್ಬಳ್ಳಿಯ ಸುತ್ತ, ಅದರಲ್ಲೂ ನವಲಗುಂದ, ಗದಗಿನ ದಿಕ್ಕಿಗೆ ಎದ್ದಿರುವ ಹೊಸ ಲೇಔಟುಗಳೆಲ್ಲ ಹೆಚ್ಚಾಗಿ ಎರೆ ಹೊಲದ, ಅಂದರೆ ಕಪ್ಪು ಮಣ್ಣಿನ ಹೊಲದ ಮೇಲೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮನೆಯ ಪಾಯ ಆಳಕ್ಕೆ ಹೋಗಿರುತ್ತದೆ, ಅದಕ್ಕೆ ಧಕ್ಕೆ ಕಡಿಮೆ. ಅಂಗಳಕ್ಕೆ ಪಾಯ ಎಲ್ಲಿಂದ ಬರಬೇಕು? ಮಣ್ಣಿನ ಮೇಲೆ ಎರಡು ಇಂಚು ಕಾಂಕ್ರೀಟ್ ಚೆಲ್ಲಿ, ಅದರ ಮೇಲೆ ದುಬಾರಿ ಟೈಲ್ಸ್ ಹಾಕಿಸುತ್ತಾರೆ. ಎರಡನೆಯ ಮಳೆಗಾಲಕ್ಕೆ ನಡುವಿನಲ್ಲಿ ಎದ್ದು ಕೂತಿರುತ್ತದೆ. ಟೈಲ್ಸ್ ಕಂಪನಿ ಸರಿ ಇಲ್ಲ ಅಂತ ಬೈಯುತ್ತಾರೆ. ಕಂಪನಿಯ ತಪ್ಪೇನಿದೆ?

ಎರೆಮಣ್ಣನ್ನು ಒಂದೂವರೆ ಎರಡು ಅಡಿ ತೆಗೆಸಿ. ಗರಸು (ಕಲ್ಲಿನ ಚೂರು ಬೆರೆತ ಗಟ್ಟಿ ಮಣ್ಣು) ತುಂಬಿಸಿ, ನೀರು ಹೊಡೆದು, ಪದರು ಪದರಾಗಿ ಬಡಿದು ದಮ್ಮಸ್ ಮಾಡಿಸಿ. ಮೇಲೆ ನಾಲ್ಕು ಇಂಚು ಕಾಂಕ್ರೀಟ್ ಹಾಕಿಸಿ. ಧಾರವಾಡದ ಕೆಂಪು ಮಣ್ಣಿನ ಕಡೆ ಇಷ್ಟು ಕಾಟ ಇಲ್ಲ. ಸಪ್ತಾಪುರ, ಮಾಳಮಡ್ಡಿ ಕಡೆ ಕೆಲಸ ಸಿಕ್ಕರೆ ಮಣ್ಣಿನ ಚಿಂತೆ ಅರ್ಧ ಕಡಿಮೆ. ಅಲ್ಲಿನ ಚಿಂತೆ ಹಾವಸೆಯದು. ಮರದ ನೆರಳು, ಜಿಟಿ ಮಳೆ, ಎರಡೂ ಸೇರಿದರೆ ಯಾವ ಟೈಲ್ಸಿನ ಮೇಲೂ ಹಸಿರು ಬರುತ್ತದೆ. ಆರ್ 11 ಇದ್ದರೂ ಮಳೆಗಾಲದಲ್ಲಿ ಆಗಾಗ ಬ್ಲೀಚಿಂಗ್ ಪೌಡರ್ ನೀರು ಹಾಕಿ ತಿಕ್ಕಬೇಕು, ತಪ್ಪಿಸಲು ಆಗುವುದಿಲ್ಲ.

ಮಣ್ಣು ತೆಗೆಸುವಷ್ಟು ದುಡ್ಡಿಲ್ಲದವರು ಏನು ಮಾಡಬೇಕು? ಟೈಲ್ಸ್ ಬಿಟ್ಟುಬಿಡಿ ಅನ್ನುತ್ತೇನೆ ನಾನು. ನನ್ನ ಹೊಟ್ಟೆಪಾಡು ಟೈಲ್ಸಿನದೇ ಆದರೂ ಇದು ನಿಜ. ಉಸುಕಿನ ಹಾಸಿನ ಮೇಲೆ ಪೇವರ್ ಬ್ಲಾಕ್ ಕೂರಿಸಿ. ಜನ ಕೂರುವ ಜಾಗಕ್ಕೆ 60 ಮಿಲಿಮೀಟರ್ ದಪ್ಪದ್ದು, ಕಾರು ಬರುವುದಿದ್ದರೆ 80. ಇಲ್ಲವೇ ಪಾಲಿಶ್ ಮಾಡದ ಒರಟು ಶಹಾಬಾದ್ ಫರಸಿ. ನೆಲ ಉಬ್ಬಿದರೆ ಇವೂ ಉಬ್ಬುತ್ತವೆ, ಆದರೆ ಒಡೆಯುವುದಿಲ್ಲ. ಎತ್ತಿ, ಉಸುಕು ಸಮ ಮಾಡಿ, ಅವನ್ನೇ ಮತ್ತೆ ಕೂರಿಸಬಹುದು. ಸಂದಿನಲ್ಲಿ ಮಳೆ ನೀರೂ ಒಂದಿಷ್ಟು ನೆಲಕ್ಕೆ ಇಂಗುತ್ತದೆ. ಕಲಬುರಗಿ ಜಿಲ್ಲೆಯಿಂದ ಬರುವ ಈ ಫರಸಿಯನ್ನು ಈಗಿನವರು ಹಳೇ ಕಾಲದ್ದು ಅಂತ ಮೂಗು ಮುರಿಯುತ್ತಾರೆ. ಅಪ್ಪ ಹಾಕಿದ ಫರಸಿ ಕೇಶ್ವಾಪುರದ ಒಂದು ಹಿತ್ತಲಲ್ಲಿ ಇನ್ನೂ ಗಟ್ಟಿಯಾಗಿದೆ. ಕೆಲವು ಕಲ್ಲು ಪದರು ಬಿಟ್ಟಿವೆ, ಅಷ್ಟೇ.

ಕಲ್ಲು ಬೇಕು ಅನ್ನುವವರಿಗೆ ಇನ್ನೆರಡು ಮಾತು. ಶಹಾಬಾದ್, ರಾಜಸ್ಥಾನದ ಕೋಟಾ, ಕಡಪಾ ಇವೆಲ್ಲ ಸುಣ್ಣದ ಕಲ್ಲುಗಳು. ಹುಣಸೆ, ನಿಂಬೆ ಬಿದ್ದರೆ ಕಲೆ ಹಿಡಿಯುತ್ತವೆ. ಆ್ಯಸಿಡ್ ಹಾಕಿದರೆ ನೊರೆ ಎದ್ದು ಮೇಲ್ಮೈ ತಿಂದು ಹೋಗುತ್ತದೆ. ಕೆಲಸ ಮುಗಿದ ಮೇಲೆ ಸಿಮೆಂಟ್ ಕಲೆ ತೆಗೆಯುತ್ತೇನೆ ಅಂತ ಹುಡುಗರು ಆ್ಯಸಿಡ್ ಬಾಟಲಿ ತಂದರೆ ಬಾಗಿಲಲ್ಲೇ ತಡೆಯಿರಿ. ಇಳಕಲ್ಲಿನ ಕೆಂಪು ಗ್ರಾನೈಟ್ ಗಟ್ಟಿ, ನಮಗೆ ಹತ್ತಿರವೂ ಹೌದು. ಆದರೆ ಪಾಲಿಶ್ ಮಾಡಿದ್ದು ಹೊರಗೆ ಬೇಡವೇ ಬೇಡ. ಬೆಂಕಿ ಹಾಯಿಸಿ ಒರಟು ಮಾಡಿದ ಫ್ಲೇಮ್ಡ್ ಫಿನಿಶ್ ಸಿಗುತ್ತದೆ, ಅದನ್ನು ಕೇಳಿ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಚ್ಚ ಬಿಳಿ ಹಾಕಿದರೆ ಏಪ್ರಿಲ್ ಬಿಸಿಲಿಗೆ ಕಣ್ಣು ಬಿಡಲು ಆಗುವುದಿಲ್ಲ. ಕಪ್ಪು ಹಾಕಿದರೆ ಕಾಲಿಡಲು ಆಗುವುದಿಲ್ಲ. ಬೂದಿ ಬಣ್ಣ, ತಿಳಿ ಮಣ್ಣಿನ ಬಣ್ಣ ಸರಿ. ಧೂಳೂ ಕಾಣುವುದಿಲ್ಲ.

ಹಾಕುವ ವಿಧಾನಕ್ಕೆ ಬರುತ್ತೇನೆ, ಏಕೆಂದರೆ ಒಳ್ಳೆಯ ಟೈಲ್ಸ್ ತಂದು ಕೆಟ್ಟದಾಗಿ ಹಾಕಿಸಿಕೊಂಡವರೇ ಜಾಸ್ತಿ. ವಿಟ್ರಿಫೈಡ್ ನೀರು ಕುಡಿಯುವುದಿಲ್ಲ ಅಂದೆನಲ್ಲ, ಅದೇ ಕಾರಣಕ್ಕೆ ಸಿಮೆಂಟ್ ಹಾಲೂ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಒಳಗಾದರೆ ಹೇಗೋ ನಡೆಯುತ್ತದೆ. ಹೊರಗೆ ಹಗಲು ಕಾದು ರಾತ್ರಿ ತಣ್ಣಗಾಗುವ ನೆಲದಲ್ಲಿ ಬಿಟ್ಟುಕೊಳ್ಳುತ್ತದೆ. ಟೈಲ್ಸ್ ಅಂಟಿಸಲೆಂದೇ ಚೀಲದಲ್ಲಿ ಬರುವ ಟೈಲ್ ಅಡ್ಹೆಸಿವ್ ಬಳಸಿ. ಚೀಲದ ಮೇಲೆ ಐಎಸ್ 15477 ಅನ್ನುವ ಭಾರತೀಯ ಮಾನಕದ ನಂಬರ್ ಇರಬೇಕು, ಹೊರಗಿನ ಬಳಕೆಗೆ ಅಂತಲೂ ಬರೆದಿರಬೇಕು. ಟೈಲಿನ ಹಿಂಬದಿಗೆ ಬಿಳಿ ಪುಡಿ ಅಂಟಿರುತ್ತದೆ. ಭಟ್ಟಿಯಲ್ಲಿ ರೋಲರಿಗೆ ಅಂಟದಿರಲಿ ಅಂತ ಹಚ್ಚುವ ಪುಡಿ ಅದು. ಒದ್ದೆ ಬಟ್ಟೆಯಿಂದ ಒರೆಸಿ ಆಮೇಲೆ ಕೂರಿಸಬೇಕು. ಇದನ್ನು ಮಾಡುವವರು ಕಡಿಮೆ, ಮಾಡಿಸುವವರು ಇನ್ನೂ ಕಡಿಮೆ.

ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಅಂತ ಅಡ್ಹೆಸಿವಿನ ಉಂಡೆ ಇಟ್ಟು ಟೈಲ್ ಒತ್ತುವ ಚಾಳಿ ಇದೆ. ಬೇಗ ಮುಗಿಯುತ್ತದೆ, ಲೆವೆಲ್ಲೂ ಸುಲಭ. ಕೆಳಗೆ ಪೊಳ್ಳು ಉಳಿಯುತ್ತದೆ. ಆ ಪೊಳ್ಳಿನಲ್ಲಿ ಮಳೆ ನೀರು ನಿಂತು, ಬಿಳಿ ಉಪ್ಪಾಗಿ ಸಂದಿನಿಂದ ಮೇಲೆ ಬರುತ್ತದೆ. ಮೇಲೆ ಭಾರದ ಕಾಲು ಬಿದ್ದರೆ ಟೈಲ್ ಸೀಳುತ್ತದೆ. ಹಲ್ಲಿನ ಕರಣಿಯಿಂದ ಅಡ್ಹೆಸಿವ್ ಪೂರ್ತಿ ಎಳೆದು ಕೂರಿಸಬೇಕು. ಕೆಲಸ ಒಣಗಿದ ಮೇಲೆ ಒಂದು ನಾಣ್ಯ ಹಿಡಿದು ಪ್ರತಿ ಟೈಲನ್ನೂ ತಟ್ಟುತ್ತಾ ಹೋಗಿ. ಡಬ್ ಡಬ್ ಅಂದರೆ ಪೊಳ್ಳು. ಬಾಕಿ ಹಣ ಕೊಡುವ ಮೊದಲೇ ತಟ್ಟಿ.

ಟೈಲುಗಳ ನಡುವೆ ಮೂರು ಮಿಲಿಮೀಟರ್ ಆದರೂ ಸಂದಿ ಬಿಡಿಸಿ. ಒಂದಕ್ಕೊಂದು ಅಂಟಿಸಿ ಹಾಕಿದರೆ ಚಂದ ಅನ್ನುವವರಿಗೆ ಒಂದು ಲೆಕ್ಕ: ಬೆಳಗಿನ ತಂಪಿನಿಂದ ಮಧ್ಯಾಹ್ನದ ಕಾವಿಗೆ ಟೈಲಿನ ಮೈ 40 ಡಿಗ್ರಿಯಷ್ಟು ಬಿಸಿಯೇರಿದರೆ, ಹತ್ತು ಅಡಿಯ ಸಾಲು ಹತ್ತಿರ ಹತ್ತಿರ ಒಂದು ಮಿಲಿಮೀಟರ್ ಬೆಳೆಯುತ್ತದೆ. ಬೆಳೆಯಲು ಜಾಗ ಇಲ್ಲದಿದ್ದರೆ ಎರಡು ಟೈಲ್ಸ್ ಟಪ್ ಅಂತ ಮೇಲಕ್ಕೆ ಏಳುತ್ತವೆ. ಅದಕ್ಕೇ ಹತ್ತು ಅಡಿಗೊಂದು ಕಡೆ, ಗೋಡೆ ಸೇರುವ ಕಡೆಯೂ, ಸಿಮೆಂಟ್ ತುಂಬದೆ ರಬ್ಬರಿನಂತೆ ಮೆತ್ತಗಿನ ಸೀಲೆಂಟ್ ತುಂಬಬೇಕು. ಉಳಿದ ಸಂದಿಗೆ ತುಂಬುವ ಗ್ರೌಟಿನಲ್ಲಿ, ರಾಳದಿಂದ ಮಾಡಿದ ಇಪಾಕ್ಸಿ ಒಳ್ಳೆಯದೇ, ಕಲೆ ಹಿಡಿಯುವುದಿಲ್ಲ. ಆದರೆ ಬಿಸಿಲಿಗೆ ಹಳದಿ ತಿರುಗುತ್ತದೆ. ಹೊರಗೆ ಬೂದಿ ಬಣ್ಣದ ಸಿಮೆಂಟ್ ಗ್ರೌಟೇ ನನಗೆ ಸರಿ ಕಾಣುತ್ತದೆ.

ಕಲೆ ಅಂದಾಗ ನೆನಪಾಯಿತು. ನಮ್ಮ ಕಡೆ ಊಟ, ಹಬ್ಬ ಅಂದರೆ ನೆಲಕ್ಕೆ ಏನೇನು ಬೀಳುವುದಿಲ್ಲ? ಅರಿಶಿನದ ಕಲೆಗೆ ಹೆದರಬೇಡಿ, ಬಿಸಿಲಿಗೆ ತಾನಾಗಿ ಮಾಸುತ್ತದೆ. ಮಿರ್ಚಿ ಭಜಿ ಕರಿದ ಎಣ್ಣೆ ಮಾಸುವುದಿಲ್ಲ. ಕಲ್ಲಿನ ಮೇಲೆ ಬಿದ್ದರೆ ಕೂಡಲೇ ಹಿಟ್ಟು ಚೆಲ್ಲಿ ಹೀರಿಸಿ. ರಂಗಪಂಚಮಿಯ ಬಣ್ಣ ಎಲ್ಲಕ್ಕಿಂತ ಮೊಂಡು. ಹುಬ್ಬಳ್ಳಿಯವರಿಗೆ ಇದನ್ನು ಬೇರೆ ಹೇಳಬೇಕೇ? ಬ್ಯಾರಲ್ಲಿನಲ್ಲಿ ಕಲಸಿದ ಬಣ್ಣ ಗ್ರೌಟಿಗೆ ಇಳಿದರೆ ಮುಂದಿನ ಹೋಳಿಯವರೆಗೂ ಇರುತ್ತದೆ. ಬಣ್ಣ ಆಡುವ ಸ್ವಲ್ಪ ಮುಂಚೆ ನೆಲವನ್ನು ಚೆನ್ನಾಗಿ ನೀರಿನಿಂದ ನೆನೆಸಿಡಿ. ನೀರು ಕುಡಿದ ಗ್ರೌಟು ಬಣ್ಣ ಕಡಿಮೆ ಕುಡಿಯುತ್ತದೆ. ಆಡಿದ ಮೇಲೆ ಒಣಗಲು ಬಿಡದೆ ತೊಳೆಯಿರಿ.

ಮಾಳಿಗೆ ಮೇಲೆ ಕೂರುವ ಜಾಗ ಮಾಡಿಸುವವರೂ ಈಗ ಜಾಸ್ತಿ. ಟೈಲ್ಸ್ ಹಾಕಿದರೆ ಸೋರುವುದು ನಿಲ್ಲುತ್ತದೆ ಅಂತ ನಂಬಿರುತ್ತಾರೆ. ನಿಲ್ಲುವುದಿಲ್ಲ. ಸಂದಿನಿಂದ ಇಳಿದ ನೀರು ಕೆಳಗೆ ಇನ್ನೂ ಹೆಚ್ಚು ದಿನ ಉಳಿಯುತ್ತದೆ. ಮೊದಲು ವಾಟರ್‌ಪ್ರೂಫಿಂಗ್, ಆಮೇಲೆ ಎರಡು ದಿನ ನೀರು ಕಟ್ಟಿ ನಿಲ್ಲಿಸಿ ನೋಡುವುದು, ಕೆಳಗಿನ ಕೋಣೆಯಲ್ಲಿ ಕಲೆ ಬರದಿದ್ದರೆ ಟೈಲ್ಸ್. ಭಾರದ ಲೆಕ್ಕವನ್ನೂ ಹಾಕಿ. ಎರಡು ಇಂಚು ಸಿಮೆಂಟ್ ಗಾರೆ ಅಂದರೆ ಚದರ ಅಡಿಗೆ ಸುಮಾರು 10 ಕಿಲೋ. 300 ಚದರ ಅಡಿಗೆ 3 ಟನ್. ಮೇಲೆ ಟೈಲ್ಸು, ಕುಂಡ, ಕುರ್ಚಿ, ಜನ. ಧಾರವಾಡದ ಹಳೆಯ ಮಣ್ಣಿನ ಮಾಳಿಗೆಗಳ ಮೇಲೆ ಇದನ್ನು ಯೋಚಿಸಲೇಬೇಡಿ. ಆರ್‌ಸಿಸಿ ಆದರೂ ಹಳೆಯದಿದ್ದರೆ ಎಂಜಿನಿಯರನ್ನು ಒಂದು ಮಾತು ಕೇಳಿ.

ಖರೀದಿಗೆ ಹೋದಾಗ ಎಲ್ಲ ಬಾಕ್ಸಿನ ಮೇಲೆ ಶೇಡ್ ನಂಬರ್, ಬ್ಯಾಚ್ ನಂಬರ್ ಒಂದೇ ಇದೆಯಾ ನೋಡಿ. ಈಗಿನ ಟೈಲ್ಸ್ ಬಹುಪಾಲು ಗುಜರಾತಿನ ಮೋರಬಿಯಿಂದ ಲಾರಿಯಲ್ಲಿ ಬರುತ್ತವೆ. ಅದೇ ಡಿಸೈನು ಮುಂದಿನ ಲೋಡಿನಲ್ಲಿ ಬೇರೆ ಶೇಡಿನಲ್ಲಿ ಬರಬಹುದು, ಬರದೆಯೂ ಇರಬಹುದು. ಹತ್ತು ಪರ್ಸೆಂಟ್ ಜಾಸ್ತಿ ತನ್ನಿ. ಮಿಕ್ಕಿದ್ದನ್ನು ಹೊರಗೇ ಇಡಿ, ಮತ್ತೆ ಹಾಲಿಗೆ ಹಾಕಲು ಹೋಗಬೇಡಿ!

ಅಂಗಡಿಯವರಿಗೂ ಒಂದು ವಿನಂತಿ. ಶೋರೂಮಿನಲ್ಲಿ ಎಸಿ, ಬೆಳಕು, ಒಣ ನೆಲ, ಎಲ್ಲವೂ ಟೈಲ್ಸಿಗೆ ಅನುಕೂಲವಾಗೇ ಇರುತ್ತದೆ. ಬಾಗಿಲ ಹೊರಗೆ, ಬಿಸಿಲಿನಲ್ಲಿ, ಹತ್ತು ಬಗೆಯ ಟೈಲ್ಸ್ ನೆಲಕ್ಕೆ ಕೂರಿಸಿ, ಪಕ್ಕದಲ್ಲಿ ಒಂದು ನಳ ಇಡಿ. ಪ್ರತಿಯೊಂದರ ಪಕ್ಕ ಆರ್ ನಂಬರ್ ಬರೆಯಿರಿ. ಗಿರಾಕಿ ಚಪ್ಪಲಿ ಬಿಟ್ಟು, ನೀರು ಹಾಕಿ, ನಡೆದು ನೋಡಲಿ. ನಿಮ್ಮ ಮಾಲು ಒಳ್ಳೆಯದಿದ್ದರೆ ಇದಕ್ಕಿಂತ ಒಳ್ಳೆಯ ಜಾಹೀರಾತು ಯಾವುದಿದೆ?

ಕೊನೆಯದಾಗಿ ಕಲ್ಯಾಣ ಮಂಟಪಗಳ ಮಾತು. ಮನೆಯ ಅಂಗಳದಲ್ಲಿ ಹತ್ತು ಜನ ಓಡಾಡಿದರೆ ಅಲ್ಲಿ ಸಾವಿರ ಜನ. ಹೊರಗಿನ ಮೆಟ್ಟಿಲು ಪಾಲಿಶ್ ಗ್ರಾನೈಟ್. ಊಟದ ಹಾಲ್, ಕೈ ತೊಳೆಯುವ ಜಾಗ ಎರಡೂ ಕಡೆ ನಯವಾದ ಟೈಲ್ಸು. ಅದರ ಮೇಲೆ ಸಾರು, ನೀರು, ತುಪ್ಪ. ರೇಷ್ಮೆ ಸೀರೆ ಉಟ್ಟ ಅಜ್ಜಿಯರು ಒಬ್ಬರ ಕೈ ಒಬ್ಬರು ಹಿಡಿದು ಇಳಿಯುವುದನ್ನು ನಾವೆಲ್ಲ ನೋಡಿದ್ದೇವೆ. ಜನ ಬಳಸುವ ಕಟ್ಟಡಗಳ ನೆಲ ಜಾರುವಂತಿರಬಾರದು ಅಂತ ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿಯಲ್ಲೇ ಇದೆ. ಅಂಗವಿಕಲರು, ವಯಸ್ಸಾದವರು ತೊಂದರೆ ಇಲ್ಲದೆ ಓಡಾಡಲಿ ಅಂತ ಮಾಡಿದ ಮಾರ್ಗಸೂಚಿ ಅದು. ಮಹಾನಗರ ಪಾಲಿಕೆಯವರು ಹೊಸ ಮಂಟಪಕ್ಕೆ ಪರವಾನಗಿ ಕೊಡುವಾಗ ಇದನ್ನೂ ನೋಡಬೇಕು.

ಹಳೆಯ ಮಂಟಪಗಳವರು ನೆಲ ಒಡೆಯಬೇಕಾಗಿಲ್ಲ. ಮೆಟ್ಟಿಲಿನ ಅಂಚಿಗೆ ಗ್ರೈಂಡರಿನಿಂದ ಮೂರು ಗೆರೆ ಕೊರೆಸಿ, ಅಂಚು ಎದ್ದು ಕಾಣುವಂತೆ ಬೇರೆ ಬಣ್ಣದ ಪಟ್ಟಿ ಹಚ್ಚಿಸಿ. ಕೈ ತೊಳೆಯುವ ಕಡೆ ಮಾತ್ರ ಟೈಲ್ಸ್ ಬದಲಿಸಿ ಆರ್ 11 ಹಾಕಿಸಿ, ಅದು ನಾಲ್ಕು ಸಾಲಿನ ಕೆಲಸ. ತುಳಸಿ ಲಗ್ನ ಆದ ಕೂಡಲೇ ಮದುವೆ ಸೀಸನ್ ಶುರುವಾಗುತ್ತದೆ, ಆಮೇಲೆ ಹಾಲ್ ಖಾಲಿ ಸಿಗುವುದಿಲ್ಲ, ನಾವೂ ಸಿಗುವುದಿಲ್ಲ. ಆಷಾಢದಲ್ಲೇ ಮುಗಿಸಿಕೊಳ್ಳಿ.

ಇಂತಿ,
ಒಬ್ಬ ಟೈಲ್ಸ್ ಗೌಂಡಿ
ಹಳೇ ಹುಬ್ಬಳ್ಳಿ